ಹಾಡುಗಾರನ ಹೊರಳುದಾರಿ

ಒಬ್ಬ ಹಾಡುಗಾರನನ್ನು ನಾವು ಮೆಚ್ಚಿಕೊಂಡೆವೆಂದರೆ ಅವನಿಗೆ ಅರಿವಿಲ್ಲದೆಯೇ ಒಂದು ಕರಾರನ್ನು ಹಾಕಿಬಿಡುತ್ತೇವೆ. ನಿನ್ನೆ ಹಾಡಿದಂತೆ ಇಂದೂ ಹಾಡಬೇಕು, ಇಂದು ಹಾಡಿದಂತೆ ನಾಳೆಯೂ ಹಾಡಬೇಕು ಎಂಬುದೇ ಆ ಕರಾರು. ಸಂಜೆಯ ಹೊತ್ತು ಮನೆಮಂದಿಯೆಲ್ಲ ರೇಡಿಯೋ ಮುಂದೆ ಕುಳಿತಿರುವಾಗ ಪರಿಚಿತ ಕಂಠದಿಂದ ಅಪರಿಚಿತವಾದ ಹಾಡೊಂದು ಬಂದರೆ, ನಮ್ಮ ಕೈ ತಾನಾಗಿಯೇ ಗುಂಡಿಯ ಕಡೆಗೆ ಹೋಗುತ್ತದೆ. “ಇವನಿಗೆ ಏನಾಯಿತು?” ಎಂದು ಕೇಳುತ್ತೇವೆಯೇ ಹೊರತು, “ಇವನು ಎಲ್ಲಿಗೆ ಹೊರಟಿದ್ದಾನೆ?” ಎಂದು ಕೇಳುವವರು ವಿರಳ. ಸಂಗೀತದ ಇತಿಹಾಸವಾದರೋ ಈ ಎರಡನೆಯ ಪ್ರಶ್ನೆಯಿಂದಲೇ ಬೆಳೆದು ಬಂದಿದೆ.

ಅಮೆರಿಕ ದೇಶದಲ್ಲಿ ಮೋಬಿ ಎಂಬ ಹೆಸರಿನ ಸಂಗೀತಗಾರನೊಬ್ಬನಿದ್ದಾನೆ. 1965ರಲ್ಲಿ ಹುಟ್ಟಿದವನು. ಯಂತ್ರಗಳಿಂದಲೇ ನಾದವನ್ನೂ ತಾಳವನ್ನೂ ಹೊರಡಿಸಿ, ಅದಕ್ಕೆ ಸಾವಿರಾರು ಯುವಕರು ಕುಣಿಯುವಂಥ ಎಲೆಕ್ಟ್ರಾನಿಕ್ ನೃತ್ಯಸಂಗೀತದಲ್ಲಿ 1990ರ ದಶಕದ ಆರಂಭದಲ್ಲಿ ಅವನಿಗೆ ಒಳ್ಳೆಯ ಹೆಸರು ಬಂದಿತು. ಹೀಗೆ ಕೀರ್ತಿಯು ಏರುತ್ತಿದ್ದಾಗಲೇ 1996ರಲ್ಲಿ ಅವನು ‘ಅನಿಮಲ್ ರೈಟ್ಸ್’ ಎಂಬ ಮುದ್ರಿಕೆಯನ್ನು ಹೊರತಂದನು. ಅದರಲ್ಲಿ ಕುಣಿತದ ಸಂಗೀತ ಹಿಂದೆ ಸರಿದಿತ್ತು. ಗಿಟಾರಿನ ಕರ್ಕಶ ನಾದ, ಓಟದ ಲಯ, ಕೂಗಿ ಹಾಡುವ ಕಂಠ ಮುಂದೆ ಬಂದಿದ್ದವು. ಇದಕ್ಕೆ ಪಂಕ್ ರಾಕ್ ಎಂದು ಹೆಸರು. 1970ರ ದಶಕದಲ್ಲಿ ಅಮೆರಿಕ ಮತ್ತು ಇಂಗ್ಲೆಂಡಿನ ತರುಣರು ಅಲಂಕಾರದ ಸಂಗೀತಕ್ಕೆ ಬೇಸತ್ತು, ತಿಳಿದ ಮೂರು ನಾಲ್ಕು ಸ್ವರಗುಚ್ಛಗಳಲ್ಲಿಯೇ ತಮ್ಮ ಸಿಟ್ಟನ್ನು ಹಾಡಲು ಕಂಡುಕೊಂಡ ದಾರಿ ಅದು. ಮೋಬಿಯ ಕೇಳುಗರು ಬೆಚ್ಚಿದರು. ಆ ಮುದ್ರಿಕೆಯ ಮಾರಾಟವೂ ನೆಲಕಚ್ಚಿತು. ಆದರೆ ಅವನ ಹಿಂದಿನ ಬದುಕನ್ನು ಬಲ್ಲವರಿಗೆ ಅಷ್ಟೊಂದು ಸೋಜಿಗವೆನಿಸಿರಲಾರದು. ಹರೆಯದಲ್ಲಿ ಅವನು ಇಂಥದೇ ಪಂಕ್ ಮೇಳವೊಂದರಲ್ಲಿ ಗಿಟಾರ್ ಬಾರಿಸುತ್ತಿದ್ದನು. ಜಗತ್ತಿಗೆ ಹೊರಳು ಎಂದು ತೋರಿದ್ದು ಅವನ ಪಾಲಿಗೆ ಮರಳು ಆಗಿತ್ತು.

ಎಲ್ಲಿಯ ಅಮೆರಿಕ, ಎಲ್ಲಿಯ ವಿಜಯಪುರ ಎಂದು ನೀವು ಕೇಳಬಹುದು. ಆದರೆ ದಾರಿ ಬದಲಿಸಿ ಜಗತ್ತನ್ನು ಬೆರಗುಗೊಳಿಸಿದ ಹಾಡುಗಾರನೊಬ್ಬನನ್ನು ಕಾಣಲು ನಾವು ಕಡಲು ದಾಟಬೇಕಾಗಿಲ್ಲ. ವಿಜಯಪುರದಿಂದ ಟಿಕೋಟಾ ಕಡೆಗೆ ಹೊರಟರೆ, ಊರು ಬಿಟ್ಟು ಐದಾರು ಕಿಲೋಮೀಟರು ಹೋಗುವಷ್ಟರಲ್ಲಿ ತೊರವಿ ಬರುತ್ತದೆ. ಕನ್ನಡ ಓದಿದವರಿಗೆ ಈ ಹೆಸರು ಹೊಸದಲ್ಲ; ಕುಮಾರವಾಲ್ಮೀಕಿಯು ಇಲ್ಲಿಯ ನರಸಿಂಹನ ಅಂಕಿತದಲ್ಲಿ ‘ತೊರವೆ ರಾಮಾಯಣ’ವನ್ನು ಭಾಮಿನೀ ಷಟ್ಪದಿಯಲ್ಲಿ ರಚಿಸಿದನು. ಅದೇ ತೊರವಿಯ ಬಯಲಿನಲ್ಲಿ ಕಮಾನುಗಳು ಹರಿದು, ಗೋಡೆಗಳು ಬಿರಿದು ನಿಂತಿರುವ ಅರಮನೆಯ ಅವಶೇಷಗಳಿವೆ. ಜನರು ಅದನ್ನು ಸಂಗೀತಮಹಲು ಎನ್ನುತ್ತಾರೆ. ಒಂದು ಊರನ್ನೇ ಹಾಡಿನ ಹೆಸರಿನಿಂದ ಕಟ್ಟಲು ಹೊರಟ ದೊರೆಯ ಗುರುತು ಅದು. ಆ ಊರಿನ ಹೆಸರು ನವರಸಪುರ; ದೊರೆ ಎರಡನೆಯ ಇಬ್ರಾಹಿಂ ಆದಿಲಶಹ.

ಇಬ್ರಾಹಿಮನು 1580ರಲ್ಲಿ ಪಟ್ಟಕ್ಕೆ ಬಂದಾಗ ಒಂಬತ್ತರ ಬಾಲಕ. ಚಿಕ್ಕಮ್ಮನಂತಿದ್ದ ಚಾಂದಬೀಬಿಯ ಆಸರೆಯಲ್ಲಿ ಬೆಳೆದನು. ಒಬ್ಬರಾದ ಮೇಲೊಬ್ಬರಂತೆ ಸರದಾರರು ಅವನ ಹೆಸರಿನಲ್ಲಿ ರಾಜ್ಯವಾಳಿದರು. 1590ರಲ್ಲಿ ದಿಲಾವರಖಾನನನ್ನು ದೂರ ಮಾಡಿದ ಮೇಲೆಯೇ ಅಧಿಕಾರವು ಅವನ ಕೈಗೆ ಬಂದಿತು. ಆಗಿನ ಬಿಜಾಪುರದ ದರಬಾರು ಎಂಥದು? ಇರಾನದ ಖುರಾಸಾನದಿಂದ ಬಂದ ಜುಹೂರಿ, ಕುಮ್ ಪಟ್ಟಣದ ಮಲಿಕ್ ಕುಮ್ಮಿ, ಇವರಂಥ ಹೆಸರಾಂತ ಪಾರಸಿ ಕವಿಗಳು ಅಲ್ಲಿ ನೆಲೆನಿಂತರು. ದಖ್ಖಣದ ಇತಿಹಾಸವನ್ನು ಬರೆದ ಫಿರಿಸ್ತಾ ಅಲ್ಲಿಯೇ ಇದ್ದನು. ಪಾರಸಿಯೆಂದರೆ ಗೌರವ, ಪಾರಸಿಯೆಂದರೆ ಪಾಂಡಿತ್ಯ. ಇಸ್ಫಹಾನದಿಂದ ಆಗ್ರಾದವರೆಗೆ ದೊರೆಗಳ ಸಭೆಯಲ್ಲಿ ಮನ್ನಣೆಯ ನಾಣ್ಯವೆಂದರೆ ಅದೊಂದೇ. ಅಂಥ ಸಭೆಯ ನಡುವೆ ಕುಳಿತ ದೊರೆ ತಾನು ಹಾಡು ಕಟ್ಟಲು ಹೊರಟಾಗ ಪಾರಸಿಯನ್ನು ಬದಿಗಿಟ್ಟನು. ಪೇಟೆಯಲ್ಲಿಯೂ ಪಾಳೆಯದಲ್ಲಿಯೂ ಜನರು ಆಡುತ್ತಿದ್ದ ದಖ್ಖಣಿಯನ್ನು ಕೈಗೆತ್ತಿಕೊಂಡನು. ಹಾಡುಗಳಿಗೆ ಹಿಡಿದ ಹದ ದ್ರುಪದದ್ದು. ಹಾಕಿದ ಮಟ್ಟು ಭೂಪಾಲಿ, ಮಲ್ಹಾರ, ಕೇದಾರ, ತೋಡಿ, ಕಾನಡಾಗಳಂಥ ನಮ್ಮ ರಾಗಗಳದ್ದು. ಹಾಡಿನ ಆರಂಭದಲ್ಲಿ ನೆನೆದದ್ದು ಸರಸ್ವತಿಯನ್ನು, ಗಣಪತಿಯನ್ನು.

‘ಕಿತಾಬ್-ಇ-ನವರಸ್’ ಎಂದು ಹೆಸರಾದ ಆ ಸಂಗ್ರಹದಲ್ಲಿ 59 ಹಾಡುಗಳೂ 17 ದ್ವಿಪದಿಗಳೂ ಇವೆ. ಹಾಡಿನ ನೆತ್ತಿಯ ಮೇಲೆ ರಾಗವನ್ನು ಸೂಚಿಸುವಾಗ ‘ಮಕಾಮ್’ ಎಂಬ ಪಾರಸಿ ಸಂಗೀತದ ಮಾತು. ಅದರ ಮಗ್ಗುಲಲ್ಲಿಯೇ ಭೂಪಾಲಿಯೆಂಬ ದೇಶೀಯ ಹೆಸರು. ಒಂದೆಡೆ ಪ್ರವಾದಿಯ ಸ್ಮರಣೆ, ಕಲಬುರ್ಗಿಯ ಗೇಸುದರಾಜರ ಸ್ತುತಿ. ಮತ್ತೊಂದೆಡೆ ಶಿವನ ವರ್ಣನೆ. ಸರಸ್ವತಿಯನ್ನು ದೊರೆ ತನ್ನ ತಾಯಿಯೆಂದೇ ಕರೆಯುತ್ತಾನೆ. ಇವೆಲ್ಲದರ ನಡುವೆ ತನ್ನ ಬೇಗಮು, ಆತಶಖಾನನೆಂಬ ತನ್ನ ಆನೆ, ಮೋತಿಖಾನನೆಂಬ ತನ್ನ ತಂಬೂರಿ ಇವುಗಳ ಮೇಲೂ ಅಕ್ಕರೆಯ ಹಾಡುಗಳುಂಟು. ವಾದ್ಯಕ್ಕೆ ಸರದಾರನಂತೆ ಹೆಸರಿಟ್ಟು ಗೌರವಿಸಿದ ದೊರೆಯ ಮನಸ್ಸು ಎಲ್ಲಿತ್ತೆಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ. ಲಂಡನ್ನಿನ ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿರುವ ಅವನ ಒಂದು ಚಿತ್ರದಲ್ಲಿ, ಬೇರೆ ದೊರೆಗಳು ಖಡ್ಗವನ್ನು ಹಿಡಿಯುವ ಕೈಯಲ್ಲಿ ಅವನು ತಾಳದ ಚಿಟಿಕೆಗಳನ್ನು ಹಿಡಿದು ನಿಂತಿದ್ದಾನೆ.

‘ನವರಸ’ ಎಂಬ ಹೆಸರಿನ ಬಗೆಗೆ ಎರಡು ಮಾತು ಹೇಳಬೇಕು. ಭರತನು ನಾಟ್ಯಶಾಸ್ತ್ರದಲ್ಲಿ ಎಣಿಸಿದ್ದು ಎಂಟು ರಸಗಳನ್ನು. ಶಾಂತವು ಅನಂತರ ಸೇರಿ ಒಂಬತ್ತಾಯಿತು. ನಮಗೆ ಈ ಮಾತು ಒಂಬತ್ತು ರಸಗಳೆಂದು ಕೇಳಿಸುತ್ತದೆ. ಪಾರಸಿ ಬಲ್ಲವನಿಗಾದರೆ ಅದೇ ಮಾತು ಹೊಸದಾಗಿ ಮಾಗಿದ ಹಣ್ಣು ಎಂಬಂತೆ ಕೇಳಿಸುತ್ತದೆ. ಒಂದೇ ಶಬ್ದವು ಎರಡು ಕಿವಿಗಳಲ್ಲಿ ಎರಡು ಅರ್ಥವನ್ನು ಕೊಡುವಂತೆ ದೊರೆ ಆರಿಸಿದ್ದನು. ಆದರೂ ಇರಾನಿನ ಕಿವಿಗಳಿಗೆ ಈ ಹೊಸ ಹಾಡು ಅಷ್ಟು ಸುಲಭವಾಗಿರಲಿಲ್ಲವೆಂದು ತೋರುತ್ತದೆ. ಏಕೆಂದರೆ ಕವಿ ಜುಹೂರಿಯು ಈ ಗ್ರಂಥಕ್ಕೆ ಪಾರಸಿ ಗದ್ಯದಲ್ಲಿ ಮುನ್ನುಡಿಯನ್ನು ಬರೆದು, ನವರಸವೆಂದರೇನು ಎಂಬುದನ್ನು ತನ್ನ ದೇಶದವರಿಗೆ ಬಿಡಿಸಿ ಹೇಳಬೇಕಾಯಿತು. ಹಾಡುಗಾರನು ದಾರಿ ಬದಲಿಸಿದಾಗ ಹಳೆಯ ಕೇಳುಗರಿಗೆ ಒಬ್ಬ ದುಭಾಷಿ ಬೇಕಾಗುತ್ತಾನೆ. ಇಂದು ರೇಡಿಯೋದಲ್ಲಿ ಹಾಡಿಗೆ ಮುಂಚೆ ನಾಲ್ಕು ಮಾತು ಹೇಳುವವರು ಮಾಡುವ ಕೆಲಸವನ್ನೇ ಜುಹೂರಿಯು ನಾನೂರು ವರ್ಷಗಳ ಹಿಂದೆ ಮಾಡಿದನು.

ಇಬ್ರಾಹಿಮನ ಈ ನಡೆಗೆ ಕಾರಣವೇನು? ಅವನ ಹಿಂದಿನ ಇತಿಹಾಸವನ್ನು ನೋಡಿದರೆ ಇಲ್ಲಿಯೂ ಮರಳಿನ ಸುಳಿವು ಸಿಗುತ್ತದೆ. ಅವನ ಅಜ್ಜ ಒಂದನೆಯ ಇಬ್ರಾಹಿಮನು ತನ್ನ ಆಳಿಕೆಯಲ್ಲಿಯೇ ಸರಕಾರದ ಲೆಕ್ಕಪತ್ರಗಳನ್ನು ಪಾರಸಿಯಿಂದ ಬಿಡಿಸಿ ದೇಶಭಾಷೆಗೆ ತಂದಿದ್ದನು. ಮೊಮ್ಮಗನು ಹುಟ್ಟಿ ಬೆಳೆದದ್ದು ದಖ್ಖಣದ ಮಾತುಗಳ ನಡುವೆ. 1603-04ರಲ್ಲಿ ಅಕ್ಬರನ ರಾಯಭಾರಿಯಾಗಿ ಅಸದಬೇಗನು ವಿಜಯಪುರಕ್ಕೆ ಬಂದನು. ಅಕ್ಬರನ ಮಗ ದಾನಿಯಾಲನಿಗೆ ಇಬ್ರಾಹಿಮನ ಮಗಳನ್ನು ತಂದುಕೊಳ್ಳುವ ಮಾತಿತ್ತು. ಅವನು ಬರೆದಿಟ್ಟ ಪ್ರಕಾರ ದೊರೆಗೆ ಮರಾಠಿ ಸರಾಗವಾಗಿತ್ತು, ಪಾರಸಿ ತಡವರಿಕೆಯಾಗಿತ್ತು. ಗಾಯನ ನಡೆದಿದ್ದಾಗ ದೊರೆ ಅದರಲ್ಲಿ ಎಷ್ಟು ಮುಳುಗಿದ್ದನೆಂದರೆ ರಾಯಭಾರಿಯ ಮಾತಿಗೆ ಉತ್ತರ ಕೊಡುವಷ್ಟೂ ಎಚ್ಚರ ಅವನಿಗಿರಲಿಲ್ಲವಂತೆ. ಪಾರಸಿಯು ಅವನ ಸಿಂಹಾಸನದ ಭಾಷೆ. ದಖ್ಖಣದ ಮಾತು ಅವನ ಅಂಗಳದ ಭಾಷೆ. ಹಾಡಬೇಕೆಂದಾಗ ಅವನು ಅಂಗಳಕ್ಕೆ ಇಳಿದನು.

ದೊರೆಯ ಹುಚ್ಚೆಂದು ಇದನ್ನು ತಳ್ಳಿಹಾಕುವಂತಿಲ್ಲ. ಅವನು ಕಲಿಯಲು ಕುಳಿತವನು. ಮೊಗಲ ಬಾದಶಹ ಜಹಾಂಗೀರನು ತನ್ನ ಆತ್ಮಕಥೆಯಲ್ಲಿ ಬಖ್ತರಖಾನನೆಂಬ ಕಲಾವಂತನನ್ನು ನೆನೆಯುತ್ತಾನೆ. ಆದಿಲಶಹನು ಈ ಗಾಯಕನಿಗೆ ತನ್ನ ತಮ್ಮನ ಮಗಳನ್ನು ಕೊಟ್ಟು ಮದುವೆ ಮಾಡಿ, ದ್ರುಪದ ಗಾಯನದಲ್ಲಿ ಅವನನ್ನು ತನ್ನ ಗುರುವಾಗಿ ಮಾಡಿಕೊಂಡಿದ್ದನೆಂದು ಜಹಾಂಗೀರನ ಹೇಳಿಕೆ. ರಾಜಮನೆತನದ ಹೆಣ್ಣನ್ನು ಕೊಟ್ಟು ಗುರುವನ್ನು ನೆಂಟನಾಗಿ ಮಾಡಿಕೊಂಡವನ ಕಲಿಕೆಯನ್ನು ಆಟವೆನ್ನಲಾಗದು. ಪ್ರಜೆಗಳು ಅವನನ್ನು ‘ಜಗದ್ಗುರು’ ಎಂದು ಕರೆದರೆಂಬುದು ಪ್ರಸಿದ್ಧ. ಆದರೆ ಆ ಜಗದ್ಗುರುವಿಗೂ ಒಬ್ಬ ಗುರುವಿದ್ದನು ಎಂಬುದನ್ನು ನಾವು ಮರೆಯಬಾರದು.

ಈ ಕಥೆಯಲ್ಲಿ ಒಂದು ತೊಡಕೂ ಇದೆ. ದೊರೆ ಹಾಡಿದಾಗ ಎದ್ದು ಹೋಗುವ ಧೈರ್ಯ ಯಾವ ಸಭೆಗೆ ಇದ್ದೀತು? ಮೋಬಿಯ ಕೇಳುಗನು ಮುದ್ರಿಕೆಯನ್ನು ಕೊಳ್ಳದೆ ಸುಮ್ಮನಿರಬಹುದಿತ್ತು. ಇಬ್ರಾಹಿಮನ ಆಸ್ಥಾನಿಕನಿಗೆ ಆ ಸ್ವಾತಂತ್ರ್ಯವಿರಲಿಲ್ಲ. ಆದ್ದರಿಂದ ಸಭೆಯ ತಲೆದೂಗನ್ನು ಅಳತೆಗೋಲಾಗಿ ಹಿಡಿಯುವಂತಿಲ್ಲ. ಅನಂತರ ಏನು ಉಳಿಯಿತು ಎಂಬುದನ್ನೇ ನೋಡಬೇಕು. 1599ರಲ್ಲಿ ಕಟ್ಟಲು ತೊಡಗಿದ ನವರಸಪುರವು ಪೂರ್ಣವಾಗಲೇ ಇಲ್ಲ. 1624ರಲ್ಲಿ ಅಹಮದನಗರದ ಮಲಿಕ್ ಅಂಬರನು ದಂಡೆತ್ತಿ ಬಂದು ಅದನ್ನು ಹಾಳುಗೆಡವಿದನು. ಮೂರು ವರ್ಷಗಳ ತರುವಾಯ, 1627ರಲ್ಲಿ, ಇಬ್ರಾಹಿಮನು ತೀರಿಕೊಂಡನು. ಹಾಡುಗಳ ಸಾಹಿತ್ಯವು ಕೈಬರಹದ ಪ್ರತಿಗಳಲ್ಲಿ ಉಳಿದು, ನಜೀರ್ ಅಹಮದ್ ಎಂಬ ವಿದ್ವಾಂಸರ ಶ್ರಮದಿಂದ 1956ರಲ್ಲಿ ಅಚ್ಚಾಯಿತು. ಆದರೆ ಅವಕ್ಕೆ ಸ್ವರಲಿಪಿಯಿಲ್ಲ. ಯಾವ ರಾಗವೆಂದು ಬಲ್ಲೆವು. ಆ ಕಂಠದಲ್ಲಿ ಆ ರಾಗವು ಹೇಗೆ ತೂಗಾಡಿತೆಂಬುದು ದೊರೆಯೊಡನೆಯೇ ಹೋಯಿತು. ಹಾಡು ಹೋದರೂ ಭಾಷೆ ನಿಂತಿತು. ಎರಡನೆಯ ಅಲಿ ಆದಿಲಶಹನ ಕಾಲಕ್ಕೆ ನುಸ್ರತಿಯಂಥ ಮಹಾಕವಿಯು ‘ಗುಲ್ಶನ್-ಇ-ಇಶ್ಕ್’, ‘ಅಲಿನಾಮಾ’ಗಳಂಥ ಕಾವ್ಯಗಳನ್ನು ದಖ್ಖಣಿಯಲ್ಲಿಯೇ ಬರೆಯುವಂತಾಯಿತು. ಅಷ್ಟು ಹೊತ್ತಿಗೆ ಅದು ಸೋಜಿಗದ ಸಂಗತಿಯಾಗಿ ಉಳಿದಿರಲಿಲ್ಲ. ಹೊರಳುದಾರಿಯೊಂದು ಹೆದ್ದಾರಿಯಾಗಿತ್ತು.

ದೊರೆಯ ಮಾತಾಯಿತು. ಹಾಡಿನಿಂದಲೇ ಹೊಟ್ಟೆ ಹೊರೆಯಬೇಕಾದವನು ದಾರಿ ಬದಲಿಸಿದರೆ ಏನಾಗುತ್ತದೆ? ಇದಕ್ಕೆ ಉತ್ತರ ನಮ್ಮ ಹಿರಿಯರಲ್ಲಿ ಅನೇಕರು ಕಣ್ಣಾರೆ ಕಂಡ, ಕಿವಿಯಾರೆ ಕೇಳಿದ ಮಹನೀಯರೊಬ್ಬರ ಬಾಳಿನಲ್ಲಿದೆ. ಧಾರವಾಡದ ಬಳಿಯ ಮನಸೂರಿನಲ್ಲಿ 1910ರ ಡಿಸೆಂಬರ್ 31ರಂದು ಹುಟ್ಟಿದ ಮಲ್ಲಿಕಾರ್ಜುನ ಮನಸೂರರು ಬಾಲ್ಯದಲ್ಲಿ ನಾಟಕ ಕಂಪನಿಯ ಬಾಲನಟ. ಮೊದಲು ಕಲಿತದ್ದು ಅಪ್ಪಯ್ಯಸ್ವಾಮಿಗಳ ಬಳಿ ಕರ್ನಾಟಕ ಸಂಗೀತವನ್ನು. ಅನಂತರ ಮಿರಜಿನ ನೀಲಕಂಠಬುವಾ ಆಲೂರಮಠರ ಕಣ್ಣಿಗೆ ಬಿದ್ದು ಗ್ವಾಲಿಯರ್ ಪದ್ಧತಿಯ ಹಿಂದುಸ್ಥಾನಿ ಗಾಯನಕ್ಕೆ ಬಂದರು. ಇದು ಮೊದಲನೆಯ ಹೊರಳು. 1930ರ ದಶಕದಲ್ಲಿ ಗ್ರಾಮೊಫೋನ್ ತಟ್ಟೆಗಳು ಹೊರಬಂದು ಮನೆಮಾತಾದರು. ಅಡಾಣಾ ರಾಗದ ಅವರ ತಟ್ಟೆಯನ್ನು ಜನರು ಮತ್ತೆ ಮತ್ತೆ ಹಾಕಿ ಕೇಳಿದ ಕಾಲವದು.

ಅಷ್ಟಕ್ಕೇ ತೃಪ್ತರಾಗಿದ್ದರೆ ಯಾರೂ ಅವರನ್ನು ಆಕ್ಷೇಪಿಸುತ್ತಿರಲಿಲ್ಲ. ಆದರೆ ಇಪ್ಪತ್ತೈದರ ಆಸುಪಾಸಿನಲ್ಲಿ, ಹೆಸರು ಬಂದ ಮೇಲೆ, ಅವರು ಮತ್ತೆ ಶಿಷ್ಯರಾದರು. ಜಯಪುರ-ಅತ್ರೌಲಿ ಘರಾಣೆಯ ಉಸ್ತಾದ್ ಅಲ್ಲಾದಿಯಾಖಾನರ ಮಗ ಮಂಜಿಖಾನರ ಎದುರು ಕುಳಿತರು. ಗ್ವಾಲಿಯರ್ ಪದ್ಧತಿಯದು ತೆರೆದ ಅಂಗಳ, ಎಲ್ಲರಿಗೂ ಗುರುತಿರುವ ರಾಗಗಳು. ಜಯಪುರದ ಪದ್ಧತಿಯದು ಒಳಗೊಳಗೇ ತಿರುವುಗಳಿರುವ ವಾಡೆ. ಅಲ್ಲಿ ಅಪರೂಪದ ರಾಗಗಳು, ಎರಡು ರಾಗಗಳನ್ನು ಹೆಣೆದ ಜೋಡುರಾಗಗಳು, ಸ್ವರವನ್ನು ಲಯದ ನೂಲಿನಲ್ಲಿ ಬಿಡದೆ ಪೋಣಿಸುವ ಕಟ್ಟು. ಒಂದರಲ್ಲಿ ಪಳಗಿದ ಕಂಠವನ್ನು ಮತ್ತೊಂದಕ್ಕೆ ಬಾಗಿಸುವುದೆಂದರೆ, ಬಲಗೈಯಲ್ಲಿ ಬರೆದು ರೂಢಿಯಾದವನು ಎಡಗೈಯಲ್ಲಿ ಅಕ್ಷರ ತಿದ್ದಲು ಕುಳಿತಂತೆ. ಈ ಕಲಿಕೆ ಹದಕ್ಕೆ ಬರುವ ಮುನ್ನವೇ, 1937ರಲ್ಲಿ, ಮಂಜಿಖಾನರು ತೀರಿಕೊಂಡರು. ಮನಸೂರರು ಹಳೆಯ ದಾರಿಗೆ ಮರಳಲಿಲ್ಲ. ಮಂಜಿಖಾನರ ತಮ್ಮ ಬುರ್ಜಿಖಾನರನ್ನು ಹುಡುಕಿಕೊಂಡು ಹೋಗಿ ಕಲಿಕೆಯನ್ನು ಮುಂದುವರಿಸಿದರು.

ಫಲ ಕೂಡಲೇ ಸಿಕ್ಕಿತೇ? ಪದ್ಮಶ್ರೀ ಪ್ರಶಸ್ತಿ ಬಂದದ್ದು 1970ರಲ್ಲಿ, ಅವರಿಗೆ ಅರವತ್ತು ತುಂಬುವ ಹೊತ್ತಿಗೆ. ಪದ್ಮಭೂಷಣ 1976ರಲ್ಲಿ, ಪದ್ಮವಿಭೂಷಣ 1992ರಲ್ಲಿ, ಅವರು ಕಣ್ಮುಚ್ಚಿದ ವರ್ಷದಲ್ಲಿಯೇ. ಇಪ್ಪತ್ತೈದಕ್ಕೆ ಕೀರ್ತಿಯಿದ್ದವರು ಪುನಃ ಆ ಎತ್ತರವನ್ನು ಕಾಣಲು ಮೂವತ್ತು ವರ್ಷಗಳಿಗೂ ಹೆಚ್ಚು ಕಾದರು. 1950ರ ಜನವರಿ 8ರಂದು ಆರಂಭವಾದ ಧಾರವಾಡ ಆಕಾಶವಾಣಿಗೆ ಸಂಗೀತ ಸಲಹೆಗಾರರಾಗಿಯೂ ಅವರು ಸೇವೆ ಸಲ್ಲಿಸಿದರು. ಆ ಅಪರೂಪದ ರಾಗಗಳು ದರಬಾರುಗಳಲ್ಲಿಯೇ ಉಳಿಯದೆ ಸಾಮಾನ್ಯರ ಮನೆಯ ಪಡಸಾಲೆಗೆ ಇಳಿದುಬಂದದ್ದರಲ್ಲಿ ರೇಡಿಯೋದ ಪಾತ್ರವೂ ದೊಡ್ಡದೇ. ವಿಶೇಷವೇನೆಂದರೆ, ಇಷ್ಟೆಲ್ಲ ತಿರುಗಿದ ಮೇಲೂ ಅವರ ಕಛೇರಿಗಳಲ್ಲಿ ಶರಣರ ವಚನಗಳಿಗೆ ಸ್ಥಾನವಿತ್ತು. ದೂರ ಹೋದವರು ಅಂಗಳವನ್ನು ಮರೆಯಲಿಲ್ಲ.

ಹೊರಳುದಾರಿಯ ಬೆಲೆಯನ್ನು ಯಾವಾಗಲೂ ಹಾಡುವವರೇ ತೆರುತ್ತಾರೆಂದೂ ಇಲ್ಲ. ಗಂಗೂಬಾಯಿ ಹಾನಗಲ್ಲರ ತಾಯಿ ಅಂಬಾಬಾಯಿಯವರು ಕರ್ನಾಟಕ ಸಂಗೀತದಲ್ಲಿ ನುರಿತ ಗಾಯಕಿ. ಅಬ್ದುಲ್ ಕರೀಂಖಾನರಂಥವರು ಅವರ ಹಾಡನ್ನು ಕೇಳಲೆಂದು ಮನೆಗೆ ಬರುತ್ತಿದ್ದರು. ಮಗಳು ಹಿಂದುಸ್ಥಾನಿ ಸಂಗೀತದ ಕಡೆಗೆ ಹೊರಳಿದಾಗ, ತನ್ನ ಹಾಡಿನ ಛಾಯೆ ಅವಳ ಕಂಠದ ಮೇಲೆ ಬೀಳಬಾರದೆಂದು ಆ ತಾಯಿ ತಾನೇ ಹಾಡುವುದನ್ನು ನಿಲ್ಲಿಸಿದರು. 1932ರಲ್ಲಿ ಅವರು ತೀರಿಕೊಂಡರು. ಮಗಳ ಗಂಭೀರ ಕಂಠವನ್ನು ಲೋಕವೆಲ್ಲ ಕೇಳಿತು. ಆ ಕಂಠಕ್ಕೆ ಜಾಗ ಬಿಟ್ಟುಕೊಟ್ಟ ಮೌನವನ್ನು ಕೇಳಿದವರು ಕೆಲವರೇ.

ಈ ನಾಲ್ವರನ್ನು ಒಂದೇ ಸಾಲಿನಲ್ಲಿ ನಿಲ್ಲಿಸುವುದು ಸರಿಯೇ ಎಂದು ಕೆಲವರು ಕೇಳಬಹುದು. ಕಲೆಯ ಮಟ್ಟದಲ್ಲಿ ಇವರನ್ನು ಹೋಲಿಸುವ ಉದ್ದೇಶ ನನ್ನದಲ್ಲ. ಇವರೆಲ್ಲರ ಬಾಳು ಹೇಳುವ ಮಾತು ಒಂದೇ. ದಾರಿ ಬದಲಿಸುವುದು ದೊಡ್ಡ ಸಂಗತಿಯಲ್ಲ, ಅದು ಒಂದು ದಿನದ ಮಾತು; ಬದಲಿಸಿದ ದಾರಿಯಲ್ಲಿ ಕೇಳುವವರಿರಲಿ ಇಲ್ಲದಿರಲಿ ನಡೆದು ತೋರಿಸುವುದೇ ದೊಡ್ಡದು. ಮತ್ತು ಹೀಗೆ ನಡೆದವನು ಹಿಂದಿನದನ್ನು ಬಿಸುಟು ಬಂದಿರುವುದಿಲ್ಲ. ಮೋಬಿಯೂ ಆ ಸೋಲಿನ ಮೂರು ವರ್ಷಗಳ ಮೇಲೆ, 1999ರಲ್ಲಿ, ‘ಪ್ಲೇ’ ಎಂಬ ಮುದ್ರಿಕೆಯನ್ನು ತಂದನು. ಅಮೆರಿಕದ ಕರಿಯ ಜನರ ಹಳೆಯ ಜನಪದ ಹಾಡುಗಳ ಧ್ವನಿಮುದ್ರಣಗಳನ್ನು ತನ್ನ ಯಂತ್ರನಾದದೊಡನೆ ಬೆರೆಸಿದನು; ಅದು ಜಗತ್ತಿನಾದ್ಯಂತ ಒಂದು ಕೋಟಿಗೂ ಮೀರಿ ಮಾರಾಟವಾಯಿತು. ಯಾವ ಕಿವಿಗಳು ಮೂರು ವರ್ಷಗಳ ಹಿಂದೆ ಮುಚ್ಚಿದ್ದವೋ ಅವೇ ತೆರೆದುಕೊಂಡವು.

ನಮ್ಮ ಸೀಮೆಯ ಕಿವಿಗಳಿಗೆ ಇದು ಕಷ್ಟದ ಪಾಠವಾಗಬಾರದು. ವಿಜಯಪುರದ ಸುತ್ತಿನ ಹಳ್ಳಿಗಳಲ್ಲಿ, ಟಿಕೋಟಾ ಬಬಲೇಶ್ವರಗಳ ಕಡೆಯಲ್ಲಿ, ರಾತ್ರಿ ಮಠದ ಭಜನೆಗೆ ತಾಳ ಹಾಕುವ ಕೈಯೇ ಮೊಹರಮ್ಮಿನಲ್ಲಿ ಕನ್ನಡದ ರಿವಾಯತ ಪದಕ್ಕೂ ಹೆಜ್ಜೆ ಹಾಕಿಸುವುದುಂಟು. ಒಂದೇ ಕಂಠಕ್ಕೆ ಎರಡು ದಾರಿಗಳಿರಬಹುದೆಂಬುದು ನಮಗೆ ಪುಸ್ತಕದಿಂದ ತಿಳಿಯಬೇಕಾದ ಸಂಗತಿಯಲ್ಲ. ತೊರವಿಯಿಂದ ನೆಲದಡಿಯ ಕಾಲುವೆಯಲ್ಲಿ ನಗರಕ್ಕೆ ನೀರು ಹರಿಸಿದ ನಾಡು ಇದು. ಮೇಲಿನಿಂದ ಕಾಣದೆ ಹೋದರೂ ಕೆಳಗೆ ನೀರಿದೆಯೆಂದು ನಂಬಿದ ನಾಡು.

ಆದ್ದರಿಂದ ವಾಚಕರಲ್ಲಿ ನನ್ನ ಬಿನ್ನಹವಿಷ್ಟೆ. ಮುಂದೊಂದು ದಿನ ನಿಮಗೆ ಪ್ರಿಯವಾದ ಕಂಠವೊಂದು ರೇಡಿಯೋದಲ್ಲಿ ನೀವು ಬಯಸದ ಹಾಡನ್ನು ಹಾಡತೊಡಗಿದರೆ, ಗುಂಡಿಯ ಮೇಲೆ ಹೋದ ಕೈಯನ್ನು ಒಂದಿಷ್ಟು ತಡೆಯಿರಿ. ಹಾಡು ಮುಗಿಯುವವರೆಗೆ ಕೇಳಿರಿ. ಅದು ಹಿಡಿಸದಿದ್ದರೆ ಬಿಡುವ ಸ್ವಾತಂತ್ರ್ಯ ನಿಮಗೆ ಇದ್ದೇ ಇದೆ. ಇಬ್ರಾಹಿಮನ ಸಭೆಗೆ ಇಲ್ಲದಿದ್ದ ಆ ಭಾಗ್ಯ ನಿಮ್ಮದು. ಆದರೆ ಅದನ್ನು ಬಳಸುವ ಮುನ್ನ ಆ ಹಾಡುಗಾರನು ಎಲ್ಲಿಂದ ಹೊರಟನು, ಎಲ್ಲಿಗೆ ಹೋಗುತ್ತಿದ್ದಾನೆ ಎಂದು ಒಮ್ಮೆಯಾದರೂ ಕೇಳಿಕೊಳ್ಳಿರಿ.